ಸಿಪ್ಯಾನ್‌ನಲ್ಲಿ 1.9 ಆದಮೇಲೆ 1.10 ಹಾಕಿದರೆ ಇಂಡೆಕ್ಸ್ ಆಗುತ್ತಿಲ್ಲ, ಏಕೆ?

ಪ್ರಶ್ನೆ: ಪರ್ಲ್ ಭಾಷೆಯ ಮಾಡ್ಯೂಲೊಂದರ 1.9 ಆವೃತ್ತಿ ಸಿಪ್ಯಾನ್‌ನಲ್ಲಿದೆ (ಪರ್ಲ್ ಮಾಡ್ಯೂಲ್‌ಗಳ ಸಾರ್ವಜನಿಕ ಭಂಡಾರ). ಈಗ 1.10 ಅಪ್‌ಲೋಡ್ ಮಾಡಿದರೆ ಫೈಲೇನೋ ಸೇರಿತು, ಆದರೆ ಆವೃತ್ತಿ ಸಂಖ್ಯೆ ಇಳಿದಿದೆ ಎಂದು ಪಾಜ್ (ಸಿಪ್ಯಾನ್‌ಗೆ ಅಪ್‌ಲೋಡ್ ಸ್ವೀಕರಿಸುವ ಸರ್ವರ್) ಇಂಡೆಕ್ಸರ್‌ನಿಂದ, ಅಂದರೆ ಮಾಡ್ಯೂಲ್‌ಗಳ ಇತ್ತೀಚಿನ ಆವೃತ್ತಿಗಳನ್ನು ಪಟ್ಟಿಮಾಡುವ ಪ್ರೋಗ್ರಾಂನಿಂದ, ಮೇಲ್ ಬಂದಿದೆ. ಒಂಬತ್ತಾದ ಮೇಲೆ ಹತ್ತು ತಾನೆ? 1.9 ಅಳಿಸಿಬಿಡಲೇ, ಇಲ್ಲ 1.10.0 ಎಂದು ಬರೆಯಲೇ?

ಉತ್ತರ 1: ಎರಡೂ ಬೇಡ. ಒಂದೇ ಚುಕ್ಕೆಯಿದ್ದರೆ ಪರ್ಲ್ ಅದನ್ನು ದಶಾಂಶವಾಗಿ ಓದುತ್ತದೆ. 1.10 ಅಂದರೆ 1.1, ಅದು 1.9ಕ್ಕಿಂತ ಚಿಕ್ಕದು. ಕೋಟ್ಸ್ ಒಳಗೆ ಬರೆದರೂ ಇದೇ ಲೆಕ್ಕ. ಪೈಥಾನ್‌ನ ಪ್ಯಾಕೇಜ್ ಭಂಡಾರವಾದ ಪೈಪಿಐಯಲ್ಲಿ ಚುಕ್ಕೆಯ ಆಚೀಚಿನ ಭಾಗಗಳನ್ನು ಬೇರೆಬೇರೆ ಪೂರ್ಣಾಂಕಗಳಾಗಿ ಹೋಲಿಸುತ್ತಾರೆ. ಅದು ರೂಢಿಯಾದವರು ಇಲ್ಲಿ ಎಡವುವುದು ಸಹಜ.

1.10.0 ಇನ್ನೂ ಕೆಟ್ಟದು. ಎರಡು ಚುಕ್ಕೆ ಬಂದಾಗ ಮೊದಲ ಚುಕ್ಕೆಯ ನಂತರದ ಪ್ರತಿ ಭಾಗಕ್ಕೂ ಮೂರಂಕಿಯ ಜಾಗ. ಹಾಗಾಗಿ ಅದು 1.010000 ಆಗುತ್ತದೆ. ನಿಮ್ಮ 1.9 ಆ ಲೆಕ್ಕದಲ್ಲಿ 1.900.0. ಮೂರು ಭಾಗದ ಶೈಲಿಯೇ ಬೇಕಿದ್ದರೆ ನೇರ 2.0.0ಕ್ಕೆ ಹೋಗಿ. ಇಲ್ಲವಾದರೆ 1.910 ಕೊಟ್ಟು, ಮುಂದೆಂದೂ ಚುಕ್ಕೆಯ ನಂತರ ಮೂರಂಕಿ ತಪ್ಪಿಸಬೇಡಿ.

ಅಳಿಸಿದರೂ ಈಗಾಗಲೇ 1.9 ಹಾಕಿಕೊಂಡವರಿಗೆ 1.10 ಹಳೆಯದಾಗಿಯೇ ಕಾಣುತ್ತದೆ, ಅವರಿಗೆ ಅಪ್‌ಡೇಟ್ ಸಿಗದು. ಕನಿಷ್ಠ 1.9 ಬೇಕೆನ್ನುವ ಪ್ಯಾಕೇಜ್‌ಗಳೂ ಅದನ್ನು ಒಪ್ಪವು.

ಉತ್ತರ 2: ಅಪ್‌ಲೋಡ್ ಮಾಡುವ ಟಾರ್ ಫೈಲಿನ ಹೆಸರಷ್ಟೇ ತಿದ್ದಿ ನಿಲ್ಲಿಸಬೇಡಿ. ಒಳಗಿರುವ ಒಂದೊಂದು ಪ್ಯಾಕೇಜಿನ ಸಂಖ್ಯೆಯನ್ನೂ ಇಂಡೆಕ್ಸರ್ ಪ್ರತ್ಯೇಕವಾಗಿ ನೋಡುತ್ತದೆ. ಮೆಟಾ ಫೈಲಿನಲ್ಲಿ ಪ್ರೊವೈಡ್ಸ್ (ಯಾವ ಪ್ಯಾಕೇಜಿಗೆ ಯಾವ ಆವೃತ್ತಿ ಎಂಬ ಪಟ್ಟಿ) ಇಲ್ಲದಿದ್ದರೆ, ಕೋಡಿನಲ್ಲಿ ವರ್ಶನ್ ಕೊಟ್ಟಿರುವ ಒಂದು ಸಾಲನ್ನು ಮಾತ್ರ ಕಿತ್ತು ನಡೆಸಿ ಸಂಖ್ಯೆ ಪಡೆಯುತ್ತದೆ. ಆ ಸಾಲು ಬೇರೆ ವೇರಿಯಬಲ್ ನೆಚ್ಚಿಕೊಂಡಿದ್ದರೆ ಕೆಲಸ ಕೆಟ್ಟಿತು. ಇನ್ನೊಂದು: ಒಮ್ಮೆ ಬಳಸಿದ ಫೈಲ್ ಹೆಸರನ್ನು, ಅಳಿಸಿದ ಮೇಲೂ, ಮತ್ತೆ ಅಪ್‌ಲೋಡ್ ಮಾಡಲಾಗದು.

ಪ್ರಶ್ನೆ ಕೇಳಿದವರು: 1.910 ಹಾಕುತ್ತೇನೆ. ಮೊದಲು ಪರೀಕ್ಷೆಗಾಗಿ ಬಿಡಬಹುದೇ?

ಉತ್ತರ 3: ಬಿಡಬಹುದು, 1.909_01 ಎಂದು. ಅಂಡರ್‌ಸ್ಕೋರ್ ಇದ್ದರೆ ಇಂಡೆಕ್ಸ್ ಆಗದು, ಆದರೆ ಸಿಪ್ಯಾನ್ ಟೆಸ್ಟರ್ಸ್ ಎಂಬ ಸ್ವಯಂಸೇವಕರು ಪರೀಕ್ಷಿಸುತ್ತಾರೆ. ಕೋಡಿನಲ್ಲಿ ಇದನ್ನು ಕೋಟ್ಸ್ ಒಳಗೇ ಬರೆದು, ಮುಂದಿನ ಸಾಲಿನಲ್ಲಿ ಅಂಡರ್‌ಸ್ಕೋರ್ ತೆಗೆದುಹಾಕಿ. ಆಗ ಬೆಲೆ 1.90901, ಅಂದರೆ 1.910 ಸಲೀಸಾಗಿ ಮೇಲೆ ಕೂರುತ್ತದೆ. 1.910_01 ಎಂದಿದ್ದರೆ ಅದು 1.91001 ಆಗಿ, ಪರೀಕ್ಷಾ ಆವೃತ್ತಿ ಹಾಕಿಕೊಂಡವರಿಗೆ 1.910 ಹಳೆಯದೆನಿಸುತ್ತಿತ್ತು.