ಗಾಯನವೃಂದದಲ್ಲಿ ನಮ್ಮ ಭಾಗ ಬಿಟ್ಟು ಜಾರದಿರುವುದು ಹೇಗೆ?

ಪ್ರಶ್ನೆ: ನಾಲ್ಕು ಧ್ವನಿಗಳ ಗಾಯನವೃಂದವೊಂದಕ್ಕೆ ಆಲ್ಟೊ (ಹೆಂಗಸರ ತಗ್ಗಿನ ಧ್ವನಿ) ಆಗಿ ಸೇರಿ ಮೂರು ತಿಂಗಳಾಯಿತು. ಮನೆಯಲ್ಲಿ ತಪ್ಪಿಲ್ಲದೆ ಹಾಡುವ ನಾನು, ಎಲ್ಲರೊಡನೆ ನಿಂತ ಕೂಡಲೇ ಸೊಪ್ರಾನೊದವರ, ಅಂದರೆ ಎಲ್ಲಕ್ಕಿಂತ ಮೇಲಿನ ಧ್ವನಿಯಲ್ಲಿ ಹಾಡುವವರ, ಧಾಟಿಗೆ ಜಾರಿಬಿಡುತ್ತೇನೆ. ಇದನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಬಹಳ ದಿನ ಒಂದು ಕಿವಿಗೆ ಬೆರಳಿಟ್ಟುಕೊಂಡೇ ಹಾಡಿದೆ. ಧಾಟಿಯೇನೋ ಉಳಿಯಿತು, ಆದರೆ ಶ್ರುತಿ ಇಳಿಯಿತು. ನನ್ನ ಹಿಂದೆ ಇಡೀ ಸಾಲೇ ಇಳಿಯಿತು. ಕೊನೆಗೆ ನಮ್ಮ ನಿರ್ದೇಶಕರು ಸಾಹಿತ್ಯವನ್ನು ಬದಿಗಿಡಿಸಿ, ಮೊದಲ ಸ್ವರವೊಂದನ್ನೇ ‘ಊ’ ಎಂದು ಹಿಡಿಯಲು ನನಗೆ ಹೇಳಿ, ಸೊಪ್ರಾನೊ ಗಾಯಕಿಯೊಬ್ಬರನ್ನು ಅದರ ಮೇಲಿನ ಸ್ವರಕ್ಕೆ ನಿಲ್ಲಿಸಿದರು. ಶ್ರುತಿ ಕೂದಲೆಳೆಯಷ್ಟು ತಪ್ಪಿದ್ದಾಗ ಎರಡೂ ಸ್ವರಗಳ ನಡುವೆ ಒಂದು ನಡುಕ ಕೇಳಿಸುತ್ತಿತ್ತು, ಕೂಡಿದ ಕ್ಷಣವೇ ಅದು ನಿಂತುಹೋಗುತ್ತಿತ್ತು. ಆ ನಡುಕವನ್ನು ಕೇಳಲು ಕಲಿತ ಮೇಲೆ ಪಕ್ಕದವರ ಧ್ವನಿಯೇ ನನಗೆ ಆಧಾರವಾಯಿತು. ಆದ್ದರಿಂದ ಕಿವಿ ಮುಚ್ಚಬೇಡಿ.

ಉತ್ತರ 2: ಮೇಲಿನ ಮಾತಿಗೆ ನನ್ನ ಸಹಮತವಿದೆ. ಜಾರ್ಜಿಯಾ ದೇಶದ ಮೂರು ಧ್ವನಿಗಳ ಜನಪದ ಗಾಯನವನ್ನೂ, ಒಬ್ಬರು ಒಂದೇ ಸ್ವರವನ್ನು ಹಿಡಿದಿರುವಾಗ ಇನ್ನೊಬ್ಬರು ಅದಕ್ಕೆ ತೀರ ಹತ್ತಿರದ ಸ್ವರದಲ್ಲಿ ಉಜ್ಜಿದಂತೆ ಹಾಡುವ ಬಲ್ಗೇರಿಯಾದ ಹೆಂಗಸರ ಹಾಡುಗಳನ್ನೂ ಕೇಳಿ. ಅಲ್ಲಿನ ಒರಟು ಘರ್ಷಣೆಗೆ ಕಿವಿ ಒಗ್ಗಿದರೆ, ನಿಮ್ಮ ವೃಂದದ ಸರಳ ಸ್ವರಮೇಳಗಳು ಹೆದರಿಸುವುದಿಲ್ಲ. ಕೇಳುವಾಗ ಅತಿ ಕೆಳಗಿನ ಧ್ವನಿಯನ್ನು ಮಾತ್ರ ಹಿಂಬಾಲಿಸಿ ಗುನುಗಿ. ಮೇಲಿನದನ್ನು ಎಲ್ಲರೂ ಗುನುಗುತ್ತಾರೆ.

ಉತ್ತರ 3: ಸಮಕಾಲೀನ ಸಂಗೀತ ರಚನಕಾರರಲ್ಲಿ ಎಸ್ಟೋನಿಯಾದ ಆರ್ವೊ ಪಾರ್ಟ್ ಅವರ ಕೃತಿಗಳು ನನಗೆ ನೆರವಾದವು. 1976ರಿಂದ ಅವರು ರೂಢಿಸಿಕೊಂಡ ಶೈಲಿಯಲ್ಲಿ ಒಂದು ಧ್ವನಿ ಮೆಟ್ಟಿಲಿಳಿದಂತೆ ಪಕ್ಕದ ಸ್ವರಕ್ಕೆ ನಡೆದರೆ, ಇನ್ನೊಂದು ಮೂರೇ ಸ್ವರಗಳಲ್ಲಿ ಘಂಟೆಯಂತೆ ಸುತ್ತುತ್ತದೆ. ನಿಧಾನಗತಿಯಾದ್ದರಿಂದ ತಪ್ಪು ಅಡಗಿಕೊಳ್ಳುವುದಿಲ್ಲ.

ಉತ್ತರ 4: ನಿಲ್ಲುವ ಜಾಗವನ್ನೂ ಬದಲಿಸಿ ನೋಡಿ. 1844ರಲ್ಲಿ ಮೊದಲು ಅಚ್ಚಾದ ‘ಸೇಕ್ರೆಡ್ ಹಾರ್ಪ್’ ಎಂಬ ಭಕ್ತಿಗೀತೆಗಳ ಪುಸ್ತಕವನ್ನು ಹಿಡಿದು ಹಾಡುವ ಅಮೆರಿಕದ ಗುಂಪುಗಳು ಚೌಕಾಕಾರದಲ್ಲಿ, ಬದಿಗೊಂದು ಧ್ವನಿಯಂತೆ, ಒಳಮುಖವಾಗಿ ಕೂರುತ್ತವೆ. ಪದಗಳಿಗಿಂತ ಮೊದಲು ಸ್ವರದ ಹೆಸರುಗಳನ್ನೇ ಹಾಡುತ್ತವೆ. ನಾವೂ ಅಭ್ಯಾಸದಲ್ಲಿ ಹಾಗೆ ಕುಳಿತೆವು. ಸೊಪ್ರಾನೊ ಧ್ವನಿ ಕಿವಿಯ ಪಕ್ಕದಿಂದಲ್ಲದೆ ಎದುರಿನಿಂದ ಬರತೊಡಗಿದ ಮೇಲೆ, ನಾನು ಜಾರಿದರೂ ಎರಡು ಸ್ವರಗಳೊಳಗೆ ಹಿಂತಿರುಗುತ್ತಿದ್ದೆ.