ಆಗುಂಬೆ ಘಾಟಿಯಲ್ಲಿ ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂರುತ್ತದೆ, ಎರಡು ಬಾರಿ ಬ್ಲೀಡ್ ಆಯಿತು

ತುಂಗಾ_ತೀರ (ತೀರ್ಥಹಳ್ಳಿ):
ಮೂರು ವಾರದಿಂದ ನೆಮ್ಮದಿ ಇಲ್ಲ. ಭಾನುವಾರ ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ, ಹದಿನಾಲ್ಕು ತಿರುವುಗಳಲ್ಲಿ ಇನ್ನೂ ಅರ್ಧ ಬಾಕಿ ಇದ್ದಾಗ, ಎರಡನೇ ಗೇರ್‌ನಿಂದ ಒಂದಕ್ಕೆ ಇಳಿಸಲು ಹೋದರೆ ಗೇರ್ ಬೀಳಲೇ ಇಲ್ಲ. ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕುಳಿತಿತು. ಕಾಲ್ಬೆರಳಿನಿಂದ ಮೇಲಕ್ಕೆಳೆದು ನಾಲ್ಕು ಬಾರಿ ತುಳಿದ ಮೇಲೆ ಬಿತ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಅಮ್ಮ, ಮೇಲೆ ಮಳೆ. ಬ್ಲೀಡ್ ಮಾಡಿಸಿದರೆ, ಅಂದರೆ ಕ್ಲಚ್ ಆಯಿಲ್‌ನಲ್ಲಿ ಸೇರಿದ ಗಾಳಿ ತೆಗೆಸಿದರೆ, ಎರಡು ದಿನ ಸರಿ, ಆಮೇಲೆ ಅದೇ ಪಾಡು. ಈಗ ಗ್ಯಾರೇಜ್‌ನವರು ಕ್ಲಚ್ ಸೆಟ್ ಬದಲಿಸಬೇಕು ಎನ್ನುತ್ತಾರೆ. ಬದಲಿಸಲೇ?

ಹುಲಿಕಲ್_ಜೀಪು:
ಕ್ಲಚ್ ಪ್ಲೇಟ್ ಹೋಗಿದೆ. ಘಾಟಿಯಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲುವ ಗಾಡಿಗಳಿಗೆಲ್ಲ ಇದೇ ಗತಿ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಬದಲಿಸಿ.

ಸಾಗರ_ಸ್ಪ್ಯಾನರ್:
ಗಾಡಿ ಯಾವುದು, ಎಷ್ಟು ಓಡಿದೆ, ಕ್ಲಚ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದೆಯೇ? ಒಂದನ್ನೂ ಹೇಳಿಲ್ಲ. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ: ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ನಿಮ್ಮದು ಅದರ ತದ್ವಿರುದ್ಧ, ಕ್ಲಚ್ ಬಿಡುತ್ತಿಲ್ಲ. ನಾಲ್ಕು ಬಾರಿ ತುಳಿದರೆ ಗೇರ್ ಬೀಳುತ್ತದೆ ಎಂದಾದರೆ ಆಯಿಲ್‌ನಲ್ಲಿ ಗಾಳಿ ಸೇರಿದೆ, ಇಲ್ಲವೇ ಪೆಡಲ್ ತುಳಿತವನ್ನು ಆಯಿಲ್ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಸಿಲಿಂಡರ್ ಒತ್ತಡ ಹಿಡಿಯುತ್ತಿಲ್ಲ.

ಹುಲಿಕಲ್_ಜೀಪು:
ನನ್ನ ಗಾಡಿಯಲ್ಲೂ ಗೇರ್ ಬೀಳುತ್ತಿರಲಿಲ್ಲ. ಸೆಟ್ ಹಾಕಿಸಿದೆ, ಸರಿಹೋಯಿತು. ಅನುಭವದ ಮಾತು ಹೇಳುತ್ತಿದ್ದೇನೆ.

ಕೊಪ್ಪ_ಕಾಫಿ:
ಯಾವ ಆಯಿಲ್ ಹಾಕಿದ್ದಾರೆ ಎಂದು ಮೊದಲು ಕೇಳಿ. ಡಾಟ್ ಎಂದರೆ ಬ್ರೇಕಿಗೂ ಕ್ಲಚ್ಚಿಗೂ ಹಾಕುವ ಆಯಿಲ್‌ನ ದರ್ಜೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯುವುದಿಲ್ಲ, ಡಾಟ್ 4 ಆದರೆ 230. ತೇವ ಹೀರಿಕೊಂಡರೆ ಆ ಮಿತಿ 140ಕ್ಕೂ 155ಕ್ಕೂ ಇಳಿಯುತ್ತದೆ. 

ಸಾಗರ_ಸ್ಪ್ಯಾನರ್:
ಆಯಿಲ್ ಕುದಿದಿದ್ದರೆ ತಣ್ಣಗಾದ ಮೇಲೆ ಪೆಡಲ್ ಬಹುಮಟ್ಟಿಗೆ ಸರಿಯಾಗಬೇಕಿತ್ತು. ಡಾಟ್ 3, ಡಾಟ್ 4 ಬೆರೆತರೂ ಅಪಾಯವಿಲ್ಲ. ಸಿಲಿಕೋನಿನ ಡಾಟ್ 5 ಮಾತ್ರ ಸೇರಿಸಬಾರದು.

ಕೊಪ್ಪ_ಕಾಫಿ:
ಬೆರೆಸಬಹುದು ಎಂದು ಹೀಗೆ ಬರೆದರೆ ಜನ ಏನು ಬೇಕಾದರೂ ಸುರಿಯುತ್ತಾರೆ. ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಬೇಕು.

ಹುಲಿಕಲ್_ಜೀಪು:
ಈ ತಲೆನೋವೇ ಬೇಡವೆಂದು ನಾನು ಆಯಿಲ್ ಬೇಡದ ಕೇಬಲ್ ಕ್ಲಚ್ ಬಿಟ್ಟಿಲ್ಲ. ಮುಂದೆ ವಿಂಚ್, ಎತ್ತರದ ಸ್ನಾರ್ಕೆಲ್, ನಾಲ್ಕೂ ಮಡ್ ಟೈರ್. ಕಳೆದ ಮಳೆಗಾಲ ಹೊಸನಗರದ ಕಡೆ ಕೆಸರಿನಲ್ಲಿ ಹೂತಿದ್ದ ಪಿಕಪ್ ಒಂದನ್ನು ಎಳೆದು ತಂದಿದ್ದೇನೆ. ಕೇಬಲ್ ತುಂಡಾದರೆ ಅರ್ಧ ಗಂಟೆಯ ಕೆಲಸ.

ತುಂಗಾ_ತೀರ (ತೀರ್ಥಹಳ್ಳಿ):
ವಿಂಚ್ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಗಾಡಿಯ ವಿವರ ನನ್ನ ಪ್ರೊಫೈಲ್‌ನಲ್ಲೇ ಇದೆ: 2012ರ ಡೀಸೆಲ್, 1,40,000 ಕಿ.ಮೀ. ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆ, ಆದ್ದರಿಂದ ಆಯಿಲ್ ಕಡಿಮೆ ಇರಲಾರದು. ಬ್ಲೀಡ್ ಮಾಡುವ ಮೊದಲು ಗ್ಯಾರೇಜ್‌ನವರು ಎರಡು ಬಾರಿಯೂ ಡಬ್ಬಿ ತುಂಬಿಸಿದ್ದಾರೆ.

ಸಾಗರ_ಸ್ಪ್ಯಾನರ್:
ತುಂಬಿಸಿದ್ದಾರೆ ಎಂದು ಈಗ ಹೇಳುತ್ತೀರಲ್ಲ, ಮಾರಾಯರೇ! ಮೂರು ವಾರದಲ್ಲಿ ಆಯಿಲ್ ಎಲ್ಲಿಗೆ ಹೋಯಿತು? ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಕ್ಲಚ್ಚಿನ ಕೊಳವೆ ಮಾತ್ರ ಮೇಲುಗಡೆ ಇರುತ್ತದೆ. ಮಟ್ಟ ಇಳಿದರೆ ಮೊದಲು ಗಾಳಿ ಎಳೆಯುವುದು ಕ್ಲಚ್. ಬ್ರೇಕ್ ಸರಿ ಇರುವುದರಿಂದ ಏನೂ ಸಾಬೀತಾಗುವುದಿಲ್ಲ.

ಮೂರು ಕಡೆ ನೋಡಿ. ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವುದು) ಹೊರಗಿದ್ದರೆ ಅದರ ರಬ್ಬರ್ ಟೋಪಿ ಸರಿಸಿ ಒದ್ದೆಯಿದೆಯೇ ನೋಡಿ. ಅದು ಒಳಗಿದ್ದರೆ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಅಡಿಯಲ್ಲಿ ತೊಟ್ಟಿಕ್ಕುತ್ತಿದೆಯೇ ನೋಡಿ. ಮೂರನೆಯದು ಯಾರೂ ನೋಡದ ಜಾಗ: ಕ್ಲಚ್ ಪೆಡಲ್ ಮೇಲೆ, ಸರಳು ಎಂಜಿನ್ ಕಡೆಯ ಗೋಡೆಯೊಳಗೆ ಹೋಗುವಲ್ಲಿ ಕೈ ಹಾಕಿ ಸವರಿ.

ತುಂಗಾ_ತೀರ (ತೀರ್ಥಹಳ್ಳಿ):
ಕೈ ಹಾಕಿದೆ. ಸರಳಿನ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು. ಬೆರಳ ನಡುವೆ ಉಜ್ಜಿದರೆ ಜಾರುತ್ತದೆ, ನೀರಿನಂತೆ ಆರುವುದಿಲ್ಲ. ಮ್ಯಾಟ್ ಎತ್ತಿದರೆ ಅಡಿಯ ಬಣ್ಣ ಗುಳ್ಳೆಯೆದ್ದು ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತಿದೆ. ಮ್ಯಾಟ್ ಒದ್ದೆಯಿರುವುದು ಗೊತ್ತಿತ್ತು. ಆಷಾಢದಲ್ಲಿ ನಮ್ಮ ಕಡೆ ಯಾರ ಗಾಡಿಯ ಮ್ಯಾಟ್ ಒಣಗಿರುತ್ತದೆ? ಚಪ್ಪಲಿಯ ನೀರು ಎಂದುಕೊಂಡು ಇಲ್ಲಿ ಬರೆಯಲೇ ಇಲ್ಲ.

ಸಾಗರ_ಸ್ಪ್ಯಾನರ್:
ಹಾಗಾದರೆ ಪೆಡಲ್ ಸರಳು ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲ್ ಹೋಗಿದೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಆ ಜಾಗವನ್ನು ಈಗಲೇ ನೀರಿನಿಂದ ತೊಳೆಯಿರಿ. ಸೆಟ್ ಬದಲಿಸಿದ್ದರೂ ಈ ಹನಿ ನಿಲ್ಲುತ್ತಿರಲಿಲ್ಲ.

ಕೊಪ್ಪ_ಕಾಫಿ:
ರಬ್ಬರ್ ಕಿಟ್ ಸಾಕು. ಪೂರ್ತಿ ಸಿಲಿಂಡರ್ ದುಡ್ಡು ದಂಡ.

ಸಾಗರ_ಸ್ಪ್ಯಾನರ್:
ಒಳಗೋಡೆ ನುಣುಪಾಗಿದ್ದರೆ ಕಿಟ್ ಸಾಕು. ತೇವ ಕುಡಿದ ಆಯಿಲ್ ತುಕ್ಕಿನ ಗುಳಿ ಮಾಡಿದ್ದರೆ ಹೊಸ ಸೀಲನ್ನೂ ಕೆಲವೇ ದಿನಗಳಲ್ಲಿ ಕಿತ್ತುಹಾಕುತ್ತದೆ. ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಬ್ಲೀಡ್ ಮಾಡುವಾಗ ಪೆಡಲ್ ಬಿಡುವ ಮೊದಲು ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಮುಚ್ಚಿರಬೇಕು. ಅಲ್ಲಿಯವರೆಗೆ ಘಾಟಿಗೆ ಹೋಗಬೇಡಿ. ನಿಮ್ಮದೂ ಒಂದೇ ಡಬ್ಬಿಯಾಗಿದ್ದರೆ, ಮಟ್ಟ ಇನ್ನೂ ಇಳಿದಾಗ ಬ್ರೇಕಿಗೂ ಅಪಾಯ.

ಹುಲಿಕಲ್_ಜೀಪು:
1,40,000 ಓಡಿದ ಪ್ಲೇಟ್ ಆರು ತಿಂಗಳಲ್ಲಿ ಹೋಗುತ್ತದೆ. ಆಗ ಎರಡು ಸಲ ಕೂಲಿ. ನೆನಪಿರಲಿ.

ತುಂಗಾ_ತೀರ (ತೀರ್ಥಹಳ್ಳಿ):
ಬಿಚ್ಚಿಸಿದೆ. ಒಳಗೋಡೆಯಲ್ಲಿ ಎರಡು ಕಡೆ ಉಗುರು ಸಿಕ್ಕುತ್ತದೆ. ಪೂರ್ತಿ ಸಿಲಿಂಡರನ್ನೇ ಹೇಳಿದ್ದೇನೆ, ನಾಳೆ ಬೆಳಗಿನ ಶಿವಮೊಗ್ಗ ಬಸ್ಸಿಗೆ ಬರುತ್ತದೆ. ಸಾಗರದವರೇ, ನಿಮ್ಮ ಉಪಕಾರ ಮರೆಯುವುದಿಲ್ಲ.

ಕೊಪ್ಪ_ಕಾಫಿ:
ಮುಚ್ಚಳದ ಮೇಲೆ ಡಾಟ್ 3 ಇದೆಯೋ 4 ಇದೆಯೋ, ಇನ್ನೂ ಹೇಳಿಲ್ಲ.