ಆರ್‌ಡಿ ಆಗ್ಲಿಕ್ಕೆ ಎಮ್ಮೆಸ್ಸಿಯೇ ಬೇಕಾ, ಪಿಜಿ ಡಿಪ್ಲೊಮಾ ಸಾಕಾ?

ಬದಿಯಡ್ಕದ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಂದು ಕಾಸರಗೋಡಿನ ಬದಿಯಡ್ಕ ಹತ್ರ, ಮಂಗಳೂರಲ್ಲಿ ಬಿಎಸ್ಸಿ ಫುಡ್ ನ್ಯೂಟ್ರಿಶನ್ ಲಾಸ್ಟ್ ಸೆಮ್. ರಿಜಿಸ್ಟರ್ಡ್ ಡಯೆಟೀಷಿಯನ್ (ಆರ್‌ಡಿ) ಆಗ್ಬೇಕು ಅಂತ ಉಂಟು, ಆದ್ರೆ ಒಬ್ಬೊಬ್ರು ಒಂದೊಂದು ಹೇಳಿ ತಲೆ ಕೆಟ್ಟು ಹೋಗಿದೆ. ಸೀನಿಯರ್ ಒಬ್ಳು ಪಿಜಿ ಡಿಪ್ಲೊಮಾ ಸಾಕು ಅಂತಾಳೆ, ಲೆಕ್ಚರರ್ ಎಮ್ಮೆಸ್ಸಿಯೇ ಮಾಡು ಅಂತಾರೆ, ದುಬೈಯ ಮಾವ ಎಂತಾದ್ರೂ ಬೇಗ ಮುಗಿಸಿ ಬಾ ಮತ್ತೆ ನೋಡುವ ಅಂತಾರೆ. ಫೀಸೆಲ್ಲ ಅಪ್ಪನ ಅಡಿಕೆ ರೇಟಿನ ಮೇಲೆ ನಿಂತದ್ದು, ಹಾಗಾಗಿ ಎರಡು ವರ್ಷ ಅಂದ್ರೆ ಆಲೋಚನೆ ಮಾಡ್ಬೇಕಾಗ್ತದೆ. ಮತ್ತೆ ಆನ್‌ಲೈನ್ ನ್ಯೂಟ್ರಿಶನಿಸ್ಟ್ ಸರ್ಟಿಫಿಕೇಟ್ ಅಂತ ದಿನಾ ಜಾಹೀರಾತು ಬರ್ತದೆ, ಅದಕ್ಕೆ ಏನಾದ್ರೂ ಬೆಲೆ ಉಂಟಾ?

ಮಂಜೇಶ್ವರದಕ್ಕ:
ತಂಗಿ, ನಾನು ಮಂಗಳೂರಲ್ಲಿ ಒಂದು ಆಸ್ಪತ್ರೆಯಲ್ಲಿ ಡಯೆಟೀಷಿಯನ್. ಸರ್ಟಿಫಿಕೇಟಿನ ವಿಷಯ ಮೊದ್ಲು ಮುಗಿಸ್ತೇನೆ, ಅದನ್ನು ಹಿಡ್ಕೊಂಡು ಹೋದ್ರೆ ಆರ್‌ಡಿ ಪರೀಕ್ಷೆಗೆ ಅರ್ಜಿ ಹಾಕ್ಲಿಕ್ಕೇ ಆಗುದಿಲ್ಲ. ಪರೀಕ್ಷೆ ನಡೆಸುದು ಇಂಡಿಯನ್ ಡಯೆಟೆಟಿಕ್ ಅಸೋಸಿಯೇಶನ್. ಡಯೆಟೆಟಿಕ್ಸ್ ಅಥವಾ ಫುಡ್ ನ್ಯೂಟ್ರಿಶನ್‌ನಲ್ಲಿ ಎಮ್ಮೆಸ್ಸಿ ಇಲ್ಲಾ ಪಿಜಿ ಡಿಪ್ಲೊಮಾ, ಅದರ ಜತೆಗೆ ಆಸ್ಪತ್ರೆ ಇಂಟರ್ನ್‌ಶಿಪ್, ಮಾಮೂಲಿ ಆರು ತಿಂಗಳು. ಸೇರುವ ಮೊದ್ಲು ಅವರ ಸೈಟಲ್ಲಿ ಆ ವರ್ಷದ ನೋಟಿಸ್ ನೋಡು, ನಿಯಮ ಆಗಾಗ ತಿದ್ದುತ್ತಾ ಇರ್ತಾರೆ.

ಡಿಪ್ಲೊಮಾ ಆಗುದಿಲ್ಲ ಅಂತಲ್ಲ. ಆದ್ರೆ ನಾಳೆ ಕಾಲೇಜಲ್ಲಿ ಪಾಠ ಮಾಡ್ಲಿಕ್ಕೋ ಪಿಎಚ್‌ಡಿಗೋ ಮನಸ್ಸಾದ್ರೆ ಎಮ್ಮೆಸ್ಸಿ ಇಲ್ಲದೆ ನಡಿಯುದಿಲ್ಲ, ಹಾಗಾಗಿ ಸಾಲ ಮಾಡಿಯಾದ್ರೂ ಎಮ್ಮೆಸ್ಸಿಯೇ ಮಾಡು ಅಂತ ನಾನು ಹೇಳುದು. ಮಣಿಪಾಲದಲ್ಲಿ ಡಯೆಟೆಟಿಕ್ಸ್ ಆ್ಯಂಡ್ ಅಪ್ಲೈಡ್ ನ್ಯೂಟ್ರಿಶನ್ ಉಂಟು, ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಎನ್ಐಎನ್‌ನಲ್ಲಿ ಅಪ್ಲೈಡ್ ನ್ಯೂಟ್ರಿಶನ್ ಉಂಟು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಎಮ್ಮೆಸ್ಸಿ ದೊಡ್ಡ ಹೆಸರಿಂದು, ಆದ್ರೆ ಅದು ಫುಡ್ ಟೆಕ್ನಾಲಜಿ, ಫ್ಯಾಕ್ಟರಿ ಕಡೆಯ ದಾರಿ. ವಾರ್ಡಿಗೆ ಅದು ಬೇಡ.

ನಿಜವಾಗಿ ನೋಡ್ಬೇಕಾದ್ದು ಇಂಟರ್ನ್‌ಶಿಪ್. ಕೆಲವು ಕಡೆ ಇಂಟರ್ನ್ ಅಂದ್ರೆ ಕಿಚನಲ್ಲಿ ಟ್ರೇ ಲೆಕ್ಕ ಹಾಕುವವಳು ಅಷ್ಟೇ, ನಮ್ಮ ಬ್ಯಾಚಿನವಳೊಬ್ಳು ಹಾಗೇ ಟ್ರೇಗೆ ಚೀಟಿ ಅಂಟಿಸಿ ಅಂಟಿಸಿ ಹೊರಗೆ ಬಂದ್ಳು, ರೈಲ್ಸ್ ಟ್ಯೂಬ್ ಫೀಡ್ (ಮೂಗಿನ ನಳಿಗೆಯಲ್ಲಿ ಹೊಟ್ಟೆಗೆ ಕೊಡುವ ಆಹಾರ) ಲೆಕ್ಕ ಹಾಕ್ಲಿಕ್ಕೆ ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದು. ಐಸಿಯುಗೆ ಬಿಡ್ತಾರಾ, ಡಯಾಲಿಸಿಸ್ ಯೂನಿಟಿಗೆ ಬಿಡ್ತಾರಾ, ಮೇಲೆ ನೋಡಿಕೊಳ್ಳುವವರು ಆರ್‌ಡಿ ಆದವ್ರಾ, ಅದನ್ನೇ ಕೇಳು.

ಪೇಶೆಂಟ್ ಹತ್ರ ಕೂತು ನಿನ್ನೆಯಿಂದ ಎಂತೆಲ್ಲ ತಿಂದ್ರಿ ಕೇಳುದನ್ನು ಪುಸ್ತಕದಲ್ಲಿ ಓದಿರ್ತಿ, ಆದ್ರೆ ಎಣ್ಣೆ ಎಷ್ಟು ಕೇಳಿದ್ರೆ ಎಲ್ಲರದ್ದೂ "ಸ್ವಲ್ಪ" ಅಂತಲೇ. ಒಂದು ಲೀಟರ್ ತೆಂಗಿನೆಣ್ಣೆ ಎಷ್ಟು ದಿನಕ್ಕೆ ಬರ್ತದೆ, ಉಣ್ಣುವವರು ಎಷ್ಟು ಜನ, ಇದು ಕೇಳಿದಾಗ ಲೆಕ್ಕ ಹೊರಗೆ ಬೀಳ್ತದೆ. ಡಯಾಲಿಸಿಸಿನವರಿಗೆ ನೆಂಟರು ಪ್ರೀತಿಯಲ್ಲಿ ಬೊಂಡ (ಎಳನೀರು) ತಂದು ಕುಡಿಸ್ತಾರೆ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಹೃದಯಕ್ಕೇ ಪೆಟ್ಟು ಅಂತ ತುಳುವಲ್ಲಿ, ಬ್ಯಾರಿ ಭಾಷೆಯಲ್ಲಿ, ಮಲಯಾಳದಲ್ಲಿ ಹೇಳ್ಲಿಕ್ಕೆ ಬರ್ಬೇಕು. ಅದ್ರಲ್ಲಿ ನಮ್ಮ ಕಾಸರಗೋಡಿನವ್ರು ಬೆಂಗಳೂರಿನವ್ರಿಗಿಂತ ಮುಂದೆ, ಸುಳ್ಳಲ್ಲ!

ಟೆಕ್ಸಾಸ್_ಭಾವ:
ಇಲ್ಲಿ ಅಮೆರಿಕದ ಕಥೆ ಬೇರೆ. 2024 ಜನವರಿ 1ರಿಂದ ಆರ್‌ಡಿ ಪರೀಕ್ಷೆಗೆ ಕೂರ್ಲಿಕ್ಕೆ ಮಾಸ್ಟರ್ಸ್ ಕಡ್ಡಾಯ, ಮೊದ್ಲು ಬ್ಯಾಚುಲರ್ಸ್ ಸಾಕಾಗ್ತಿತ್ತು. ಎಸಿಇಎನ್‌ಡಿ ಅಂತ ಇಲ್ಲಿ ಡಯೆಟೆಟಿಕ್ಸ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ, ಅದರ ಮಾನ್ಯತೆಯ ಕೋರ್ಸು, ಕನಿಷ್ಠ 1000 ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ, ಆಮೇಲೆ ಪರೀಕ್ಷೆ, ಪಾಸಾದ ಮೇಲೂ ಐದು ವರ್ಷಕ್ಕೆ 75 ಗಂಟೆ ಮುಂದುವರಿದ ಕಲಿಕೆ ತೋರಿಸ್ಬೇಕು. ನನ್ನ ಹೆಂಡ್ತಿ ಊರಿನ ಡಿಗ್ರಿ ಹಿಡ್ಕೊಂಡು ಬಂದವಳು, ಮೌಲ್ಯಮಾಪನ ಮಾಡಿಸಿಯೂ ಇಲ್ಲಿಯ ಪ್ರೋಗ್ರಾಂ ಮತ್ತೆ ಮಾಡ್ಬೇಕಾಯ್ತು. ಅಲ್ಲಿ ಆರ್‌ಡಿ ಆದವ್ರು ಇಲ್ಲಿ ಬಂದು ನೇರ ಆರ್‌ಡಿ ಅಲ್ಲ. ಇಲ್ಲಿಗೆ ಬರುವ ಅಂದಾಜಿದ್ರೆ ಮಾತ್ರ ಇದೆಲ್ಲ, ಇಲ್ಲದಿದ್ರೆ ಬಿಡಿ.

ನೀರ್ಚಾಲ್_ಮಾಷ್ಟ್ರು:
ಕೇರಳ ಪಿಎಸ್‌ಸಿಯಲ್ಲಿ ಡಯೆಟೀಷಿಯನ್ ಗ್ರೇಡ್ ಟೂ ಹುದ್ದೆಗೂ ಆಗಾಗ ಕರೀತಾರೆ. ಮಂಗಳೂರಲ್ಲಿ ಓದಿದ ನಮ್ಮ ಮಕ್ಕಳಿಗೆ ಈಕ್ವಿವೆಲೆನ್ಸಿ ಸರ್ಟಿಫಿಕೇಟಿನ (ಹೊರಗಿನ ಡಿಗ್ರಿ ಇಲ್ಲಿಯದ್ದಕ್ಕೆ ಸಮ ಅಂತ ಕೊಡುವ ಪತ್ರ) ತಲೆಬಿಸಿ ಇದ್ದದ್ದೇ, ಕೊನೆಗೆ ಓಡಾಡುದಕ್ಕಿಂತ ಈಗಲೇ ವಿಚಾರಿಸಿ ಇಡಿ. 2021ರಲ್ಲಿ ಕೇಂದ್ರ ತಂದ ಅಲೈಡ್ ಹೆಲ್ತ್‌ಕೇರ್ ಕಾನೂನಿನ ಪಟ್ಟಿಯಲ್ಲಿ ಡಯೆಟೀಷಿಯನ್ ಕೂಡ ಉಂಟು, ರಾಜ್ಯ ಕೌನ್ಸಿಲಲ್ಲಿ ಹೆಸರು ದಾಖಲಿಸುವ ಕಾಲ ಬರ್ತಾ ಉಂಟು, ಹಾಗಾಗಿ ದಾಖಲೆ ಒಂದೂ ಬಿಸಾಡ್ಬೇಡಿ.

ಮಂಜೇಶ್ವರದಕ್ಕ:
ಮಾಷ್ಟ್ರು ಹೇಳಿದ್ದು ಸರಿ. ಮತ್ತೆ ದುಬೈ ಮಾವನಿಗೆ ಹೇಳು, ಅಲ್ಲಿ ಡಿಎಚ್‌ಎ (ದುಬೈ ಹೆಲ್ತ್ ಅಥಾರಿಟಿ) ಲೈಸೆನ್ಸ್ ಬೇಕು, ದಾಖಲೆ ಪರಿಶೀಲಿಸುವ ಕಂಪೆನಿ ಡಾಟಾಫ್ಲೋದವ್ರು ಡಿಗ್ರಿಯಿಂದ ಹಿಡಿದು ಅನುಭವದ ಪತ್ರದವರೆಗೆ ಕೊಟ್ಟವರಲ್ಲೇ ಕೇಳಿ ಪರಿಶೀಲಿಸ್ತಾರೆ. ಬೇಗ ಮುಗಿಸಿ ಹೋದ್ರೆ ಅಲ್ಲಿ ಕೂತು ಅವರ ಮನೆ ಅಡಿಗೆ ಮಾಡ್ಬೇಕಷ್ಟೆ 😄

ಬದಿಯಡ್ಕದ_ಹುಡುಗಿ:
ಅಯ್ಯೋ ಅಕ್ಕ, ಮಾವನಿಗೆ ಈ ಮೆಸೇಜೇ ತೋರಿಸ್ತೇನೆ 😂 ಮನೆಯಿಂದ ಹೋಗಿ ಬಂದು ಇಂಟರ್ನ್‌ಶಿಪ್ ಮಾಡ್ಲಿಕ್ಕೆ ಆಗ್ತದಾ ಮತ್ತೆ? ಕಾಲೇಜಿಗೆ ಫೋನ್ ಮಾಡಿದ್ರೆ "ಎಲ್ಲ ಟೈಅಪ್ ಉಂಟು" ಅಂತಾರೆ ಅಷ್ಟೇ.

ಮಂಜೇಶ್ವರದಕ್ಕ:
ಬದಿಯಡ್ಕದಿಂದ ದಿನಾ ಬಸ್ಸಲ್ಲಿ ಕಷ್ಟ, ಬೆಳಿಗ್ಗೆ ತಿಂಡಿ ಹೋಗುವ ಮೊದ್ಲು ಡಯೆಟ್ ಶೀಟ್ ರೆಡಿ ಇರ್ಬೇಕು, ಆಸ್ಪತ್ರೆ ಹತ್ರವೇ ಉಳಿಯುವ ಪಿಜಿ ರೂಮು ನೋಡು. ಕಾಲೇಜು ಆಫೀಸಿಗೆ ಫೋನ್ ಮಾಡಿದ್ರೆ ಟೈಅಪ್ ಅಂತಲೇ ಹೇಳುದು. ಈಗ ಇಂಟರ್ನ್ ಆಗಿರುವ ಮಕ್ಕಳದ್ದೇ ನಂಬರ್ ತಕೊಂಡು ನಿನ್ನೆ ಯಾವ ವಾರ್ಡಲ್ಲಿದ್ರಿ ಅಂತ ಕೇಳು.